ಗಟಾರಕ್ಕೆ ನಾಲ್ಕು ಫರಸಿ

ನಾನು ಮಿರಜದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಎಲ್ಲರೂ ಬಳಸುವ ಸಾರ್ವಜನಿಕ ವಸ್ತು ಎಷ್ಟಿರಬೇಕು ಅನ್ನುವುದು ಅದರಲ್ಲೊಂದು ಪಾಠ. ಇನ್ನೊಂದು ಹಾಕಿದರೆ ನಿಮಗೆಷ್ಟು ಲಾಭ ಅಂತ ಒಬ್ಬೊಬ್ಬರನ್ನೂ ಕೇಳಬೇಕು, ಎಲ್ಲರ ಲಾಭ ಕೂಡಿಸಬೇಕು, ಅದು ಖರ್ಚಿಗೆ ಸಮ ಆಗುವವರೆಗೆ ಹಾಕುತ್ತ ಹೋಗಬೇಕು. ಪುಸ್ತಕದಲ್ಲಿ ಇದೆಲ್ಲ ಅರ್ಧ ಪುಟದಲ್ಲಿ ಮುಗಿಯುತ್ತದೆ. ನಮ್ಮ ಗಲ್ಲಿಯಲ್ಲಿ ಮುಗಿಯಲು ಅಪ್ಪನ ಕಾಲು ಮುರಿಯಬೇಕಾಯಿತು. ಇಂಥವು ಆಗುತ್ತಲೇ ಇರುತ್ತವೆ, ನಕ್ಕು ಬಿಡಬೇಕು ಅನ್ನುತ್ತಾರೆ. ನಗುತ್ತೇನೆ, ಆದರೆ ಸಿಟ್ಟು ಇನ್ನೂ ಇಳಿದಿಲ್ಲ.

ಲೆಕ್ಕ ಕೇಳಿದ್ದು

ಸಾಂಗ್ಲಿ-ಮಿರಜ ನಡುವಿನ ಕಬ್ಬಿನ ಹೊಲಗಳೆಲ್ಲ ಪ್ಲಾಟುಗಳಾಗುತ್ತಿದ್ದ ಕಾಲ ಅದು. ನಮ್ಮ ಗಲ್ಲಿಯಲ್ಲಿ ಹತ್ತು ಮನೆ, ಹತ್ತೂ ಮನೆಯ ಮೇಲೆ ಟಿವಿ ತಂತಿ. ರಸ್ತೆ ಮಾತ್ರ ಕರಿಮಣ್ಣು. ಮಳೆ ಬಂದರೆ ಗಟಾರದ ಮೇಲೆ ಹಾಸಿದ ಕಲ್ಲಿನ ಫರಸಿಯೇ ಕಾಲುದಾರಿ. ಎಲ್ಲರೂ ತಮ್ಮ ತಮ್ಮ ಗೇಟಿನ ಮುಂದೆ ಹಾಸಿಕೊಂಡಿದ್ದರು. ಖಾಲಿ ಪ್ಲಾಟಿನ ಮುಂದೆ ಮಾತ್ರ ನಾಲ್ಕು ಫರಸಿಯಷ್ಟು ಗಟಾರ ಬಾಯಿ ತೆರೆದುಕೊಂಡಿತ್ತು. ಅದು ಯಾರ ಮನೆಯ ಮುಂದೆಯೂ ಅಲ್ಲವಲ್ಲ!

ಲೆಕ್ಕದ ವಹಿ ಹಿಡಿದು ಮನೆ ಮನೆಗೆ ಹೋದೆ. ಕಿರಾಣಿ ಅಂಗಡಿಯವರು ಮೊದಲೇ ಕೇಳಿದರು.

"ಮ್ಯಾಡಮ್, ಚಂದಾ-ವರ್ಗಣಿ ಕೇಳಾಕ ಬಂದೀರೇನ್ರಿ?"

"ಇಲ್ರಿ, ಎಷ್ಟ ಫರಸಿ ಬೇಕು ಅಂತ ಸುಮ್ನ ಕೇಳಾಕತ್ತೇನಿ."

"ಹಂಗಾರ ಇಪ್ಪತ್ತ ಬರಕೋರಿ. ಡಾಂಬರ ರಸ್ತಾತನಕ ಹಾಕಸ್ರಿ."

"ನೀವು ಎಷ್ಟು ಕೊಡ್ತೀರಿ?"

"ನಾನಾ? ನನಗ ಒಂದೂ ಬ್ಯಾಡ್ರಿ. ನಾ ಜಿಗದ ಹೋಗ್ತೇನಿ."

ಅವರು ಕೂತರೆ ಸ್ಕೂಟರಿನ ಹಿಂದಿನ ಟಾಯರು ಕಾಣುತ್ತಿರಲಿಲ್ಲ. ಅವರು ಜಿಗಿಯುವುದನ್ನು ನೋಡಲಿಕ್ಕೆ ಬೇಕಾದರೆ ನಾನೇ ವರ್ಗಣಿ ಕೊಡುತ್ತಿದ್ದೆ.

ನೋಡಲು ಬಂದದ್ದು

ನಮ್ಮೂರು ಬೇಡಗದ ಹೊಲವನ್ನು ಅಣ್ಣನಿಗೆ ಒಪ್ಪಿಸಿ ಅಪ್ಪ ನನ್ನ ಹತ್ತಿರ ಇದ್ದರು. ದಿನಾ ಬೆಳಿಗ್ಗೆ ಬಸದಿಗೆ ನಡೆದು ಹೋಗುವವರು. ಒಂದು ದಿನ ಆ ನಾಲ್ಕು ಫರಸಿಯ ಜಾಗದಲ್ಲಿ ಕಾಲು ಜಾರಿ ಒಳಗೆ ಬಿದ್ದರು. ಕಾಲು ಮುರಿಯಿತು, ಪ್ಲಾಸ್ಟರ್ ಹಾಕಿದರು.

ನೋಡಲು ಇಡೀ ಗಲ್ಲಿ ಬಂತು, ಎಲ್ಲರ ಕೈಯಲ್ಲೂ ಶಹಾಳ. ನಮ್ಮ ಕಡೆ ಎಳನೀರಿಗೆ ಹಾಗೇ ಅನ್ನುತ್ತಾರೆ. ಫರಸಿಗೆ ದಮಡಿ ಬಿಚ್ಚದ ಕಿರಾಣಿಯವರು ಎರಡು ತಂದು, "ರೊಕ್ಕದ ಮಾರಿ ನೋಡಬಾರದ್ರಿ ಕಾಕಾ, ಮೊದಲ ಆರೋಗ್ಯ" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಮಂಚದ ಕೆಳಗೆ ಬಿದ್ದ ಆ ಶಹಾಳಗಳ ರೊಕ್ಕದಲ್ಲಿ ನಾಲ್ಕೂ ಫರಸಿ ಬಂದು, ಮೇಲೆ ಚಹಾ ಕುಡಿಯಬಹುದಿತ್ತು. ಕಾಲು ಮುರಿದ ಮೇಲೆ ಇಷ್ಟು ಧಾರಾಳ, ಮುರಿಯುವ ಮೊದಲು ಸೊನ್ನೆ!

ಬುರುಡೆಗಳನ್ನು ಒಗೆಯಲು ಹೊರಟಾಗ ಅಪ್ಪ ತಡೆದರು. "ದೂರ ಒಗೀಬ್ಯಾಡ. ಆ ಗಟಾರದಾಗ ಹಾಕು. ಇನ್ನ ನಾಕ ಮಂದಿ ನೋಡಾಕ ಬಂದರ ತುಂಬತದ."

ಹಾಸಿದ್ದು

ಈ ಸಲ ಮಂಚದ ಪಕ್ಕದಲ್ಲೇ ವಹಿ ತೆಗೆದೆ. ಪ್ಲಾಸ್ಟರ್ ಎದುರಿಗಿರುವಾಗ ಇಲ್ಲ ಅನ್ನುವುದು ಕಷ್ಟ. ನಾವು, ಎದುರುಮನೆಯ ಸುಪರವೈಜರ್, ಇನ್ನೆರಡು ಮನೆಯವರು, ಹೀಗೆ ನಾಲ್ವರಿಂದ ನಾಲ್ಕು ಫರಸಿ ಆಯಿತು. ಸುಪರವೈಜರ್ ಕುಪವಾಡ ಎಂಐಡಿಸಿಯ ಒಂದು ಕಾರಖಾನೆಯವರು, ಲೆಕ್ಕದಲ್ಲಿ ಬಹಳ ಪಕ್ಕಾ. ಎರಡನೆಯ ಫರಸಿ ತಮ್ಮದು ಅಂತ ನೆನಪಿಟ್ಟುಕೊಂಡರು.

ಹಾಸಿದ ಮರುದಿನವೇ ಆ ಎರಡನೆಯದರ ಮೇಲೆ ಸ್ಕೂಟರ್ ನಿಂತಿತು. ಕಿರಾಣಿಯವರದು.

"ಇದೇನ್ರಿ?" ಅಂದೆ.

"ಖಾಲಿ ಇತ್ತಲ್ರಿ. ಸಾರ್ವಜನಿಕ ಜಾಗಾ," ಅಂದರು. ಅರ್ಥಶಾಸ್ತ್ರದ ಮಾತನ್ನು ಗಲ್ಲಿಯಲ್ಲಿ ಸರಿಯಾಗಿ ಕಲಿತವರು ಅವರೊಬ್ಬರೇ.

ಒಯ್ದದ್ದು

ಪ್ಲಾಸ್ಟರ್ ತೆಗೆದ ಡಾಕ್ಟರು ದಿನಾ ನಡೆಯಲೇಬೇಕು, ಇಲ್ಲದಿದ್ದರೆ ಕಾಲು ಹಿಡಿದುಬಿಡುತ್ತದೆ ಅಂದಿದ್ದರು. ಅಪ್ಪ ಕೋಲು ಹಿಡಿದು ಬಸದಿಗೆ ಹೊರಟರು, ಹಿಂದೆ ನಾನು. ಎರಡನೆಯ ಫರಸಿ ಇರಲಿಲ್ಲ. ಗಟಾರ ಮತ್ತೆ ಬಾಯಿ ತೆರೆದಿತ್ತು. ಅಪ್ಪ ಅಲ್ಲೇ ನಿಂತರು. ಮನುಷ್ಯರ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಫರಸಿ ಸುಪರವೈಜರ್ ಅಂಗಳದಲ್ಲಿ ಸಿಕ್ಕಿತು. ನಳದ ಕೆಳಗೆ ಅರಿಬಿ ಒಗೆಯುವ ಕಲ್ಲಾಗಿ ಕೂತಿತ್ತು.

"ನಾ ರೊಕ್ಕಾ ಕೊಡೂದು, ಅಂವ ಗಾಡಿ ನಿಲ್ಲಸೂದು. ಇದ್ಯಾವ ನ್ಯಾಯರಿ?" ಅಂದರು ಅವರು. "ನನ್ನ ಪಾಲಿನ ವಾಟಾ ನಾ ಒಯ್ದೇನಿ. ಉಳದ ಮೂರೂ ಅಲ್ಲೇ ಅದಾವಲ್ರಿ."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೋಗಿ ಆ ಫರಸಿಯ ಮೇಲೆ ಕೂತು ಕಾಲು ಚಾಚಿದರು.

"ಬರೋಬರಿ ಮಾಡೀಯಪಾ. ನಿನ್ನ ವಾಟಾ ನೀ ತಂದಿ. ಆದರ ಗಟಾರ ಹತ್ತೂ ಮನೀದು. ಅಂದಮ್ಯಾಲೆ ಅದರಾಗ ಮುರದ ಈ ಕಾಲಿನಾಗೂ ನಿಂದೊಂದ ವಾಟಾ ಅದ. ಮೂವತ್ತ ದಿನಾ ಹತ್ತ ಮನಿಗೆ ಹಂಚಿದರ ತಿಂಗಳಿಗೆ ಮೂರ ದಿನ. ಇವತ್ತಿನಿಂದ ನಾ ಇಲ್ಲೇ ಇರಾಂವ."

ಆಮೇಲೆ ಅರಿಬಿಯ ಬಕೆಟ್ ಹಿಡಿದು ನಿಂತಿದ್ದ ಅವರ ಹೆಂಡತಿಯ ಕಡೆ ತಿರುಗಿದರು. "ಹೊತ್ತ ಮುಳಗೂದರೊಳಗ ನನ್ನ ಊಟಾ ಆಗಬೇಕವಾ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ನಡಿಯೂದಿಲ್ಲ. ನೀರು ಸೋಸಿ ಕಾಸಬೇಕು."

ಅವರು ಬಕೆಟ್ ಕೆಳಗಿಟ್ಟು ಗಂಡನನ್ನು ನೋಡಿದರು. "ನಡೀರಿ, ಆ ಕಲ್ಲ ಒಯ್ದ ಹಾಕ್ರಿ ಮೊದಲ."

ಫರಸಿ ಒಬ್ಬರಿಂದ ಏಳುವಂಥದ್ದಲ್ಲ. ಸುಪರವೈಜರ್ ಒಂದು ತುದಿ ಹಿಡಿದು ಸುತ್ತ ನೋಡಿದರು. ತಮಾಷೆ ನೋಡಲು ಬಂದ ಕಿರಾಣಿಯವರು ಗೇಟಿಗೆ ಒರಗಿ ನಗುತ್ತಿದ್ದರು. ಅಪ್ಪ ಎದ್ದು ಜಾಗ ಬಿಟ್ಟು, ಅವರನ್ನು ಬಹಳ ಪ್ರೀತಿಯಿಂದ ಕೇಳಿದರು.

"ಮುಂದಿನ ಮೂರ ದಿನ ನಿಮ್ಮ ಪಾಳಿ ಅಲ್ರಿ? ಹಾಸಿಗಿ ಎಲ್ಲಿ ಹಾಕಸ್ತೀರಿ?"

ಕಿರಾಣಿಯವರು ಬಂದು ಫರಸಿಯ ಇನ್ನೊಂದು ತುದಿ ಹಿಡಿದರು.