ಕುರ್ಚಿಯ ಮಟ್ಟಕ್ಕೆ ಮಾತ್ರ ಮಡಚುವ ನನ್ನ ಮೊಣಕಾಲಿನ ಕುರಿತು

ಲಕ್ಷ್ಮೀನಗರ, ನಾಗಪುರ
೧೨ ಮೇ ೧೯೫೫

ರಾಮದಾಸಪೇಠದಲ್ಲಿ ಎಲುಬು-ಕೀಲುಗಳ ಶಸ್ತ್ರಚಿಕಿತ್ಸೆ ನಡೆಸುವ ಡಾಕ್ಟರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕತ್ತರಿ, ಸೂಜಿ, ದಾರಗಳಿಗೆ ಮೊದಲು, ತಮಗೆ ಆಮೇಲೆ, ನನ್ನನ್ನು ಹೊತ್ತುಕೊಂಡಿದ್ದ ತಮ್ಮ ಏಳನೆಯ ನಂಬರಿನ ಮಂಚಕ್ಕೆ ಕೊನೆಗೆ, ಅನಂತ ನಮಸ್ಕಾರಗಳು. ಸಾಷ್ಟಾಂಗವೇ ಹಾಕಬೇಕೆಂದಿದ್ದೆ, ಅದು ಈ ಜನ್ಮದಲ್ಲಿ ಸಾಧ್ಯವಾಗದಂತೆ ತಾವು ನೋಡಿಕೊಂಡಿರುವುದರಿಂದ ನಿಂತುಕೊಂಡೇ ನಮಸ್ಕರಿಸುತ್ತೇನೆ. ತಮಗೆ ಕನ್ನಡ ಬಾರದೆಂಬುದು ನನಗೆ ಗೊತ್ತು. ಆ ಧೈರ್ಯದಿಂದಲೇ ಈ ಪತ್ರವನ್ನು ನಮ್ಮ ಕನ್ನಡ ಸಂಘದ ಕೈಬರಹದ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ನೆನಪು ತಮಗೆ ಇರಲಾರದು. ನಾನು ರೈಲ್ವೆ ಕಚೇರಿಯ ವರ್ಗಾವಣೆ ವಿಭಾಗದ ಹೆಡ್ ಕ್ಲಾರ್ಕ್, ವಯಸ್ಸು ನಲವತ್ತೆಂಟು. ಜನವರಿ ಇಪ್ಪತ್ತಾರರಂದು ನಮ್ಮ ಕಚೇರಿಯವರು ಲಗ್ನವಾದವರಿಗೂ ಆಗದವರಿಗೂ ಹುತುತು, ಅಂದರೆ ಕಬಡ್ಡಿ, ಪಂದ್ಯ ಏರ್ಪಡಿಸಿದ್ದರು. ಆಗದವರ ಕಡೆಗೆ ನಮ್ಮ ವಿಭಾಗದ ನರಹರಿಯವರು ಇದ್ದರು, ಅಂದರೆ ನನ್ನ ಮಗಳು ವತ್ಸಲೆಗೆ ಗೊತ್ತುಮಾಡಿದ ವರ. ಭಾವೀ ಅಳಿಯನಿಗೆ ಮಾವನ ಕಸುವು ತಿಳಿದಿರಲಿ ಎಂದು ನಾನು ಧೋತರದ ಕಚ್ಚೆ ಬಿಗಿದು ಉಸಿರು ಹಿಡಿದು ಗೆರೆ ದಾಟಿದೆ. ಎದುರಿಗಿದ್ದ ಏಳೂ ಜನರ ರಜೆ ಅರ್ಜಿಗಳು ನನ್ನ ಮೇಜಿನ ಮೇಲಿನಿಂದಲೇ ಹೋಗಬೇಕಾದ್ದರಿಂದ ಒಬ್ಬರೂ ನನ್ನನ್ನು ಹಿಡಿಯಲಿಲ್ಲ. ದಾರಿ ಬಿಟ್ಟು, ಕೈಕಟ್ಟಿಕೊಂಡು ನಿಂತರು. ಮೂವರನ್ನು ಮುಟ್ಟಿ, ಜಂಬದಿಂದ ಗರ್ರನೆ ತಿರುಗಿದೆ. ನಾನು ತಿರುಗಿದೆ, ಮೊಣಕಾಲು ತಿರುಗಲಿಲ್ಲ. ಒಳಗೆ ಏನೋ ಪಟ್ಟನೆ ಹರಿದದ್ದು ನನಗೇ ಕೇಳಿಸಿತು. ಯಾರೂ ಮುಟ್ಟದೆಯೇ ಬಿದ್ದವನೆಂಬ ಕೀರ್ತಿ ಹೊತ್ತು ನಾನು ತಮ್ಮ ಆಸ್ಪತ್ರೆಗೆ ಬಂದೆ.

ಮಾನ್ಯರೇ, ಅಲ್ಲಿ ತಾವು ತೋರಿಸಿದ ಸೌಜನ್ಯವನ್ನು ಏನೆಂದು ಹೊಗಳಲಿ. ಕೀಲನ್ನು ಕಟ್ಟಿ ಹಿಡಿಯುವ ತಂತು ಹರಿದಿದೆ, ಬಿಗಿಯಾಗಿ ಹೊಲಿದರೆ ಕಾಲು ಗಟ್ಟಿಯಾಗಿ ನಿಲ್ಲುತ್ತದೆ ಆದರೆ ಪೂರ್ತಿ ಮಡಚುವುದಿಲ್ಲ, ಕೊಂಚ ಸಡಿಲ ಬಿಟ್ಟರೆ ಮಡಚುತ್ತದೆ ಆದರೆ ಆಗಾಗ ಅಲುಗಾಡುತ್ತದೆ ಎಂದು ಬಿಡಿಸಿ ಹೇಳಿ, ಮನೆಯಲ್ಲಿ ನೆಲದ ಮೇಲೆ ಕೂಡುತ್ತೀರೋ ಕುರ್ಚಿ ಮೇಜು ಬಳಸುತ್ತೀರೋ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಿರಿ. ಅದೇ ಗಳಿಗೆಗೆ ನಮ್ಮ ಕಚೇರಿಯ ಸಾಹೇಬರು ಸಂತ್ರಾ ಹಣ್ಣಿನ ಬುಟ್ಟಿ ಹಿಡಿದು ನನ್ನನ್ನು ನೋಡಲು ಬಂದು ನಿಂತಿದ್ದರು. ನಾನು ಮಲಗಿದಲ್ಲಿಯೇ ಎದೆಯುಬ್ಬಿಸಿ, "ಟೇಬಲ್ ಅಂಡ್ ಚೇರ್, ಸರ್, ಆಲ್ವೇಸ್" ಎಂದುಬಿಟ್ಟೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಕೃಷ್ಣವೇಣಿಗೆ ಇಂಗ್ಲಿಷ್ ಬಾರದು. ಏನು ಕೇಳಿದರೆಂದು ಆಕೆ ಕೇಳಿದಾಗ, ಗಾಬರಿಯಾಗಬೇಡ ಅಂದರು ಎಂದು ಹೇಳಿದೆ. ನಮ್ಮ ಎರಡು ಕೋಣೆಯ ಮನೆಯಲ್ಲಿರುವುದು ಒಂದೇ ಕುರ್ಚಿ. ಅದರ ಮೇಲೆ ಹನ್ನೊಂದು ವರ್ಷಗಳಿಂದ ಹಾಸಿಗೆಯ ಸುರುಳಿಗಳು ಕೂತಿವೆ.

ತಾವು ಮಾತ್ರ ನನ್ನ ಮಾತನ್ನು ವೇದವಾಕ್ಯವೆಂದು ನಂಬಿದಿರಿ. ರೋಗಿಯ ಮಾತನ್ನು ಇಷ್ಟು ಗೌರವಿಸುವ ವೈದ್ಯರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ತೊಡೆಯಿಂದ ಒಂದು ಪಟ್ಟಿ ಕತ್ತರಿಸಿ ಮೊಣಕಾಲಿಗೆ ವರ್ಗ ಮಾಡಿದಿರಂತೆ. ಇಪ್ಪತ್ತು ವರ್ಷಗಳಿಂದ ವರ್ಗಾವಣೆಯ ಕಾಗದ ಬರೆಯುತ್ತಿರುವ ನಾನು, ಹೆಂಡತಿಗೆ ಕಾಯಿಲೆ, ಮಕ್ಕಳಿಗೆ ಪರೀಕ್ಷೆ ಎಂಬ ಒಂದೂ ತಕರಾರು ಅರ್ಜಿಯಿಲ್ಲದೆ, ಹೋದ ದಿನವೇ ಕೆಲಸಕ್ಕೆ ಹಾಜರಾದ ಇಂಥ ವರ್ಗಾವಣೆಯನ್ನು ಕಂಡಿರಲಿಲ್ಲ. ಎಂಟು ವಾರ ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರಿನಲ್ಲಿ ಇಟ್ಟಿರಿ. ನಾಗಪುರದ ಬಿಸಿಲಿಗೆ ಒಳಗೆ ಎದ್ದ ತುರಿಕೆಯನ್ನು ಹಿಡಿಕಡ್ಡಿಯಿಂದ ಸಮಾಧಾನಪಡಿಸುತ್ತ ನಾನು ತಮ್ಮನ್ನು ದಿನವೂ ಸ್ಮರಿಸಿದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡಿದರೆ ಕಾಲು ದೀಪದ ಕಂಬದ ಹಾಗೆ ಭದ್ರವಾಗಿದೆ. ಎಷ್ಟು ಎಣ್ಣೆ ತಿಕ್ಕಿದರೂ, ಎಷ್ಟು ವ್ಯಾಯಾಮ ಮಾಡಿದರೂ ಕುರ್ಚಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಅಲ್ಲಿಂದ ಒಂದು ಬೆರಳೂ ಕೆಳಗಿಳಿಯುವುದಿಲ್ಲ. ನಾನು ಕೇಳಿದ್ದನ್ನು ಕೂದಲೆಳೆಯಷ್ಟೂ ತಪ್ಪದೆ ತಾವು ಕೊಟ್ಟಿದ್ದೀರಿ, ನನ್ನ ದೂರು ಅದೇ.

ಈಗ ಹಾಸಿಗೆಗಳು ನೆಲಕ್ಕಿಳಿದಿವೆ, ನಾನು ಕುರ್ಚಿ ಏರಿದ್ದೇನೆ. ಹೆಂಡತಿ, ಮಗಳು ಕೆಳಗೆ ಪಂಕ್ತಿಯಲ್ಲಿ ಕೂತು ಮಾತಾಡುತ್ತ ಉಣ್ಣುತ್ತಾರೆ. ನಾನು ಮೇಲೆ ಒಬ್ಬನೇ, ತೊಡೆಯ ಮೇಲೆ ತಾಟು ಇಟ್ಟುಕೊಂಡು, ಅವರ ಬೈತಲೆ ನೋಡುತ್ತ ಉಣ್ಣುತ್ತೇನೆ. ಅದನ್ನಾದರೂ ಸಹಿಸಿದೆ. ಆದರೆ ಈ ತಿಂಗಳ ಇಪ್ಪತ್ತಮೂರಕ್ಕೆ ವತ್ಸಲೆಯ ಲಗ್ನ. ನಮ್ಮಲ್ಲಿ ಹುಡುಗಿಯ ತಂದೆತಾಯಿ ಮಣೆಯ ಮೇಲೆ ಕೂತು ಅಳಿಯನ ಪಾದ ತೊಳೆದು ಧಾರೆ ಎರೆದು ಕೊಡಬೇಕು. ಮನೆಗೆ ಬಂದ ಭಟ್ಟರು ನನ್ನ ಕಾಲನ್ನು ಮುಂದಿನಿಂದಲೂ ಹಿಂದಿನಿಂದಲೂ ಪರೀಕ್ಷಿಸಿ, "ಮಣಿ ಮ್ಯಾಲ ಕೂಡಲಿಕ್ಕೇ ಬೇಕ್ರಿ. ಆಗೂದಿಲ್ಲಂದ್ರ ನಿಮ್ಮ ತಮ್ಮ ಧಾರಿ ಎರೀಲಿ, ಶಾಸ್ತ್ರಕ್ಕ ಬರೋಬರ್ ಆಗ್ತದ" ಎಂದು ತೀರ್ಪು ಕೊಟ್ಟು ಹೋದರು. ಧಾರವಾಡದಲ್ಲಿರುವ ನನ್ನ ತಮ್ಮ ಶಾಮನಿಂದ ಆಗಲೇ ಕಾಗದ ಬಂದಿದೆ. ತನ್ನ ಎರಡೂ ಮೊಣಕಾಲು ಸುಸ್ಥಿತಿಯಲ್ಲಿವೆ, ಚಿಂತೆ ಬೇಡ ಎಂದು ಬರೆದಿದ್ದಾನೆ. ಹತ್ತೊಂಬತ್ತು ವರ್ಷ ಸಾಕಿದ ಮಗಳನ್ನು ಇನ್ನೊಬ್ಬ ಕೂತು ಕೊಡುವಾಗ ನಾನು ಪಕ್ಕದಲ್ಲಿ ಛತ್ರಿಯಂತೆ ನಿಂತಿರಬೇಕಲ್ಲ ಎಂದು ನೆನೆದು ದಿನವೂ ಅರ್ಧ ಊಟಕ್ಕೇ ಕೈ ತೊಳೆಯುತ್ತೇನೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ತೊಡೆಯಿಂದ ತಂದ ಆ ಪಟ್ಟಿಯನ್ನು ಇಪ್ಪತ್ತಮೂರರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಮಾತ್ರ ಸಾಂದರ್ಭಿಕ ರಜೆಯ ಮೇಲೆ ಬಿಡಬೇಕು. ಅದಾಗದಿದ್ದರೆ, ಮಣೆ ಆರೋಗ್ಯಕ್ಕೆ ಹಾನಿಕರವೆಂದು ಭಟ್ಟರಿಗೆ ಸಂಸ್ಕೃತದಲ್ಲಿ ಒಂದು ಸರ್ಟಿಫಿಕೇಟ್ ಬರೆದುಕೊಡಬೇಕು. ಅದೂ ಆಗದಿದ್ದರೆ, ಧಾರೆ ಮುಗಿಯುವವರೆಗೆ ನಾಗಪುರದ ನೆಲವನ್ನೇ ಕುರ್ಚಿಯ ಎತ್ತರಕ್ಕೆ ಏರಿಸುವ ಏರ್ಪಾಟು ಮಾಡಬೇಕು.

ಇಷ್ಟನ್ನು ನಿನ್ನೆಯೇ ಬರೆದು ಮುಗಿಸಿದ್ದೆ. ಇಂದು ಊಟದ ಹೊತ್ತಿಗೆ ವತ್ಸಲೆ ತನ್ನ ತಾಟನ್ನು ಎತ್ತಿಕೊಂಡು ಬಂದು ನನ್ನ ಕುರ್ಚಿಯ ಪಕ್ಕದಲ್ಲಿ ನಿಂತಳು. ಅವಳು ಮ್ಯಾಟ್ರಿಕ್ ಪಾಸಾದ ಹುಡುಗಿ ಎಂಬುದನ್ನೂ, ಅಂದು ತಾವು ಪ್ರಶ್ನೆ ಕೇಳಿದಾಗ ನೀರಿನ ತಂಬಿಗೆ ಹಿಡಿದು ನನ್ನ ತಲೆಯ ಹತ್ತಿರವೇ ಇದ್ದಳೆಂಬುದನ್ನೂ ನಾನು ಮರೆತಿದ್ದೆ. "ಅಪ್ಪಾ, ಅವತ್ತ ನಿಮ್ಮ ಸಾಹೇಬರ ಮುಂದ ನಿಮ್ಮ ಮಾತು ಸುಳ್ಳು ಮಾಡಬಾರದಂತ ಸುಮ್ಮನಿದ್ದೆ. ಈಗ ಅದನ್ನ ಖರೇನ ಮಾಡಿಬಿಡೋಣು" ಎಂದಳು. ಮಣೆ ಬೇಕೆಂದು ಶಾಸ್ತ್ರ ಹೇಳುತ್ತದೆ, ಮಣೆಯನ್ನು ಎಲ್ಲಿ ಇಡಬೇಕೆಂದು ಹೇಳುವುದಿಲ್ಲವಂತೆ. ಕುರ್ಚಿಯ ಮೇಲೆ ಮಣೆ ಇಟ್ಟು ಕೂಡುವುದಂತೆ. ನಾವು ಗಂಡಹೆಂಡತಿ, ವಧೂವರರು, ಭಟ್ಟರು, ಎಲ್ಲರೂ ಕುರ್ಚಿಯ ಮೇಲೆ. ಪಾದ ತೊಳೆಯುವಾಗ ನರಹರಿಯವರು ಮೇಜಿನ ಮೇಲೆ ಕೂಡಲು ಒಪ್ಪಿದ್ದಾರೆ. ಎರಡು ದಿನ ಭಟ್ಟರ ಹಿಂದೆ ಬಿದ್ದು ಅವರನ್ನೂ ಅವಳೇ ಒಪ್ಪಿಸಿ ಬಂದಿದ್ದಾಳೆ. ನನ್ನ ಒಂದು ಒಣ ಜಂಬದ ಮಾತಿಗಾಗಿ ನನ್ನ ಮಗಳು ತನ್ನ ಲಗ್ನವನ್ನೇ ಎತ್ತರಕ್ಕೆ ಏರಿಸಿಕೊಂಡಳು. ನನಗೆ ಅಳು ಬಂತು, ಮಾನ್ಯರೇ. ಕೃಷ್ಣವೇಣಿ ಮಾತ್ರ ಅಳಲಿಲ್ಲ, "ಗಾಬರಿ ಆಗಬ್ಯಾಡ ಅಂದ್ರಂತ, ಹೌದಲ್ರೀ?" ಎಂದು ಕೇಳಿ, ನನ್ನ ತಾಟಿಗೆ ಸಾರು ಬಡಿಸದೆ ಒಳಗೆ ಹೋದಳು.

ಆದಕಾರಣ ಹಿಂದಿನ ವಿನಂತಿಗಳನ್ನೆಲ್ಲ ರದ್ದುಪಡಿಸಿ, ರೋಗಿಗಳು ಕಾಯುವ ತಮ್ಮ ಪಡಸಾಲೆಯ ಆರು ಕುರ್ಚಿಗಳನ್ನೂ ಉದ್ದನೆಯ ಮೇಜನ್ನೂ ಒಂದು ದಿನದ ಮಟ್ಟಿಗೆ ಕಳಿಸಿಕೊಡಬೇಕೆಂದು ಬೇಡುತ್ತೇನೆ. ಅವುಗಳ ಮೇಲೆ ಕೂಡುವ ಯೋಗ್ಯತೆಯನ್ನು ತಾವೇ ನನಗೆ ದಯಪಾಲಿಸಿದ್ದೀರಿ.

ನೆಟ್ಟಗೆ ನಿಂತಿರುವ
ತಮ್ಮ ವಿಶ್ವಾಸಿ,
ಲಕ್ಷ್ಮೀಕಾಂತ ಮಳಗಿ

ತಾ.ಕ.: ಈ ಪತ್ರವನ್ನು ಮರಾಠಿಗೆ ಮಾಡಿ ತಮಗೆ ಓದಿ ಹೇಳುತ್ತೇನೆಂದು ವತ್ಸಲೆ ಹಟ ಹಿಡಿದಿರುವುದರಿಂದ ಇನ್ನೊಂದು ಮಾತು. ಲಗ್ನದ ಊಟಕ್ಕೆ ತಾವು ಸಕುಟುಂಬ ದಯಮಾಡಿಸಬೇಕು. ಊರಿನ ಕುರ್ಚಿಗಳೆಲ್ಲ ಮಂಟಪದಲ್ಲಿ ಇರುವುದರಿಂದ ತಮಗೆ ನೆಲದ ಮೇಲೆಯೇ ಎಲೆ ಹಾಕಬೇಕಾಗುತ್ತದೆ. ತಾವು ಕೆಳಗೆ ಕೂಡುತ್ತೀರೋ, ಮೇಜು ಕುರ್ಚಿಯೇ ರೂಢಿಯೋ, ಮೊದಲೇ ತಿಳಿಸಿ. ಉತ್ತರ ಹೇಳುವಾಗ ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಮಾತ್ರ ನೋಡಬೇಡಿ.