ಬೀರಪ್ಪನ ಟಗರು ಯಾವ ಕಡೆ?

ನಮ್ಮ ಮಾವ ಮದುವೆಮನೆಯಲ್ಲಿ ಉಂಡ ಹುಗ್ಗಿಯನ್ನೂ ಎರಡು ಕಡೆ ಬರೆದಿಡುವ ಮನುಷ್ಯ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಅವನ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕುಳಿತಿದ್ದ ನಾನೇ ನಂಬಿರಲಿಲ್ಲ. ಮುಧೋಳದಲ್ಲಿ ಬೀಗರ ಮದುವೆ. ಮಾವ ಸಾಕು ಸಾಕೆನ್ನುತ್ತಲೇ ಮತ್ತೆ ಮತ್ತೆ ಹುಗ್ಗಿ ಹಾಕಿಸಿಕೊಂಡು ಉಂಡ, ಕೈ ತೊಳೆದ, ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು ಗಂಭೀರವಾಗಿ ಗೀಚಿದ.

"ಏನ ಬರದಿ ಮಾವಾ?"

"ಹೊಟ್ಟಿ ಖಾತೆಕ್ಕ ಹುಗ್ಗಿ ಜಮಾ, ಬೀಗರ ಖಾತೆಕ್ಕ ಹುಗ್ಗಿ ಖರ್ಚು."

"ಮತ್ತ ನೀ ಮದಮಕ್ಕಳಿಗೆ ಮಾಡಿದ ಆಯಾರದ ರೊಕ್ಕ?"

"ಅದು ಮುಂಗಡ ಐತವ್ವ. ನಮ್ಮನಿ ಮದವ್ಯಾಗ ತಿರುಗಿ ಬರತೈತಿ."

ಈ ಹುಚ್ಚು ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಹುಟ್ಟಿನಿಂದ ಬಂದದ್ದು ಕುರಿ. ನನ್ನ ತಾಯಿಯ ಅಣ್ಣನಾದ ಈ ಮಾವ ನಾಲ್ಕನೆಯ ಇಯತ್ತೆಯವರೆಗೆ ಸಾಲಿ ಕಲಿತು, ಐದನೆಯದಕ್ಕೆ ಕುರಿಗಳ ಹಿಂದೆ ಹೋದವನು. ಹೆಗಲ ಮೇಲೆ ಕರಿ ಕಂಬಳಿ, ತಲೆಗೆ ರುಮಾಲು, ಒಂದು ಹೊಲದಿಂದ ಮೂರು ಹೊಲ ಆಚೆಗೆ ಕೇಳುವ ಗಂಟಲು. ಮಾತಾಡಿದರೆ ಜಗಳ ಆಡಿದ ಹಾಗೆ, ಜಗಳ ಆಡಿದರೆ ಡೊಳ್ಳು ಬಾರಿಸಿದ ಹಾಗೆ! ಇಂಥವನು ಐವತ್ತು ದಾಟಿದ ಮೇಲೆ ಲೆಕ್ಕಪತ್ರ ಬರೆಯುವುದನ್ನು ಕಲಿಯಲು ಹೊರಟ. ಕಲಿಸಬೇಕಾದವಳು ನಾನು, ಜಮಖಂಡಿಯಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿ ಕುಳಿತಿದ್ದವಳು.

ಆದದ್ದು ಇಷ್ಟು. ರನ್ನ ಬೆಳಗಲಿಯ ಹತ್ತಿರದ ನಮ್ಮೂರಿನಲ್ಲಿ ಕುರಿಗಾರರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಕುರಿಗಳಿಗೆ ಔಷಧಿ ತರುವುದು, ವಿಮೆ ಮಾಡಿಸುವುದು, ಒಳ್ಳೆಯ ತಳಿಯ ಟಗರು ಕೊಂಡು ಸದಸ್ಯರ ಹಿಂಡುಗಳಿಗೆ ಸರದಿಯ ಮೇಲೆ ಬಿಡುವುದು, ಹೀಗೆ. ಲೆಕ್ಕ ಬರೆಯಲು ಹೊರಗಿನ ಒಬ್ಬ ಗುಮಾಸ್ತ ಬರುತ್ತಿದ್ದ. ಅವನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಹೋದ. ಆಗಷ್ಟೇ ಬಾಗಲಕೋಟೆ ಹೊಸ ಜಿಲ್ಲೆಯಾಗಿ ಕಚೇರಿಗಳೆಲ್ಲ ಹತ್ತಿರ ಬಂದಿದ್ದವು. ಕಚೇರಿ ಹತ್ತಿರ ಬಂದರೆ ಅದರ ಕಾಗದವೂ ಬೇಗ ಬರುತ್ತದೆ, ಅದೊಂದು ತೊಂದರೆ! ವರ್ಷದ ಕೊನೆಯ ಲೆಕ್ಕಪತ್ರ ಸರಿಯಾಗಿ ತಯಾರಾಗದಿದ್ದರೆ ಸಂಘಕ್ಕೆ ಸರ್ಕಾರದ ಆಡಳಿತಾಧಿಕಾರಿ ಬರುತ್ತಾರೆ ಎಂದು ಕಾಗದ ಬಂತು. "ಆತು, ಇನ್ನ ಸಂಘ ಕೈಬಿಟ್ಟಂಗ" ಎಂದು ಸದಸ್ಯರು ಮುಖ ಸಣ್ಣದು ಮಾಡಿದರು. ಆಗ ಮಾವ ಕಂಬಳಿ ಕೊಡವಿ ಎದ್ದು ನಿಂತ.

"ಯಾವ ಅಧಿಕಾರಿನೂ ಬ್ಯಾಡ. ನಮ್ಮ ಕುರಿ ನಾವ ಕಾಯತೇವಿ, ನಮ್ಮ ಲೆಕ್ಕ ನಾವ ಬರಿಯೂಣು. ನಾ ಸೆಕ್ರೆಟರಿ ಆಗತೇನಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಸಭೆಯಿಂದ ನೆಟ್ಟಗೆ ನಮ್ಮ ಮನೆಗೆ ಬಂದು, "ಯವ್ವಾ, ಲೆಕ್ಕ ಅಂದ್ರ ಎಲ್ಲಿಂದ ಸುರು ಮಾಡೂದು?" ಎಂದು ಕೇಳಿದ. ಮೊದಲು ಒಪ್ಪಿಕೊಂಡು ಆಮೇಲೆ ಕಲಿಯುವ ಧೈರ್ಯ ಎಷ್ಟು ಜನಕ್ಕಿದೆ ಹೇಳಿ? ನನಗಂತೂ ಇಲ್ಲ.

ಕಿರ್ದಿ, ಅಂದರೆ ದಿನದಿನದ ಜಮಾ-ಖರ್ಚಿನ ಪುಸ್ತಕ, ಅವನಿಗೆ ಸಲೀಸಾಗಿ ಬಂತು. ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ. ದೊಡ್ಡಿಯೊಳಗೆ ಬಂದ ಕುರಿ, ದೊಡ್ಡಿಯಿಂದ ಹೋದ ಕುರಿ, ಅದರಲ್ಲೇನಿದೆ? ತಕರಾರು ಹುಟ್ಟಿದ್ದು, ಒಂದೊಂದು ವ್ಯವಹಾರವನ್ನೂ ಎರಡೆರಡು ಖಾತೆಗಳಲ್ಲಿ ಬರೆಯಬೇಕು ಎಂದು ನಾನು ಹೇಳಿದಾಗ.

"ಒಂದ ಕುರಿ ಎರಡ ಕಡಿ ಬರದ್ರ ಎರಡ ಕುರಿ ಆಗತಾವೇನಲೇ?"

"ಇಲ್ಲ ಮಾವಾ. ಕುರಿ ಬಂತು ಅಂತ ಒಂದ ಕಡಿ, ಅದಕ್ಕ ರೊಕ್ಕ ಹೋತು ಅಂತ ಇನ್ನೊಂದ ಕಡಿ."

ಮಾವ ಬಹಳ ಹೊತ್ತು ಮೀಸೆ ತೀಡಿದ. ಆಮೇಲೆ ಅವನ ಮುಖ ಅರಳಿದ್ದು ನೋಡಬೇಕಿತ್ತು! "ಅಂದ್ರ ಪುಕಟ ಏನೂ ಬರಂಗಿಲ್ಲ ಅಂತ ಹೇಳಾಕತ್ತೈತಿ ಇದು. ಛಲೋ ವಿದ್ಯಾ!" ಎಂದ. ಮೂರು ವರ್ಷ ಕಾಲೇಜಿಗೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋದರೂ ನನಗೆ ಒಮ್ಮೆಯೂ ಅದು ಛಲೋ ವಿದ್ಯೆ ಅನಿಸಿರಲಿಲ್ಲ.

ಅಂದಿನಿಂದ ಅವರ ಮನೆಯಲ್ಲಿ ಯಾರಿಗೂ ನೆಮ್ಮದಿ ಉಳಿಯಲಿಲ್ಲ. ಅತ್ತೆ, ಅಂದರೆ ಮಾವನ ಹೆಂಡತಿ, ರೊಟ್ಟಿ ಬಡಿಯಲು ಕುಳಿತರೆ ಇವನು ಎದುರಿಗೆ ಪುಸ್ತಕ ಹಿಡಿದು ಕೂರುತ್ತಿದ್ದ. ಹಿಟ್ಟಿನ ಖಾತೆ, ರೊಟ್ಟಿಯ ಖಾತೆ, ಸೀದ ರೊಟ್ಟಿಗೆ ನುಕ್ಸಾನಿನ ಖಾತೆ! ನಾನು ಸವಕಳಿಯ ಪಾಠ ಹೇಳಿದ ದಿನ ಮಾತ್ರ ಮನೆ ರಣರಂಗವಾಯಿತು. ಸಂಘದ ಕಪಾಟು, ತಕ್ಕಡಿ, ಉಣ್ಣೆಯ ಕತ್ತರಿ ಇವೆಲ್ಲ ವರ್ಷವರ್ಷಕ್ಕೆ ಹಳತಾಗಿ ಬೆಲೆ ಇಳಿಯುತ್ತವೆ, ಇಳಿದಷ್ಟನ್ನು ಲೆಕ್ಕದಲ್ಲಿ ತೆಗೆಯಬೇಕು ಎಂದು ನಾನು ಹೇಳುತ್ತಿದ್ದಂತೆ, ಒಲೆಯ ಮುಂದಿನಿಂದ ಅತ್ತೆ ಕೇಳಿದಳು.

"ನನಗೂ ಸವಕಳಿ ಹಾಕ್ಯಾನೇನ ನಿಮ್ಮ ಮಾವ?"

"ನಿನಗ್ಯಾಕ ಹಾಕಲಿ? ಸವಕಳಿ ಆಸ್ತಿಗೆ ಹಾಕೂದು. ನೀ ಜವಾಬ್ದಾರಿ ಕಡಿ ಬರತಿ" ಎಂದ ಮಾವ, ಮೀಸೆಯೊಳಗೆ ನಗುತ್ತ.

"ಹೌದಾ? ಜವಾಬ್ದಾರಿ ಅಂದ್ರೇನ ಯವ್ವಾ?" ಎಂದು ಅತ್ತೆ ನನ್ನನ್ನು ಕೇಳಿದಳು.

"ಕೊಟ್ಟ ತೀರಿಸಬೇಕಾದ್ದು, ಅತ್ತಿ."

"ಹಂಗಾರ ಮೊದಲ ರಬಕವಿಗೆ ಹೋಗಿ ನನ್ನ ಸೀರಿ ತಂದ ತೀರಸ ಅನ್ನು."

ಮಾವ ಮಾರನೆಯ ದಿನ ರಬಕವಿಗೆ ಹೋಗಿ ಸೀರೆ ತಂದ. ತಂದವನು ಎರಡು ಕಡೆ ಬರೆದ. ಸೋತದ್ದನ್ನೂ ಚೊಕ್ಕವಾಗಿ ಬರೆಯುವ ಗಂಡಸರನ್ನು ನಾನು ಬೇರೆ ನೋಡಿಲ್ಲ.

ವರ್ಷ ಯಾವಾಗ ಮುಗಿಯುತ್ತದೆ ಎಂಬುದರ ಮೇಲೂ ಜಗಳವಾಯಿತು. ಮಾರ್ಚ್ ಮೂವತ್ತೊಂದು ಎಂದೆ.

"ಅವತ್ತೇನ ಅಮಾಸಿ ಐತೇನ?"

"ಇಲ್ಲ."

"ಹುಣ್ಣಿಮಿ?"

"ಅದೂ ಇಲ್ಲ."

"ಅಮಾಸಿ ಅಲ್ಲ, ಹುಣ್ಣಿಮಿ ಅಲ್ಲ, ನಡಕ ಯಾವದೋ ಒಂದ ದಿನ ವರ್ಷದ ಕುತಗಿ ಹಿಸಕೂದೇನ?" ಎಂದು ಮಾವ ಹೌಹಾರಿದ. ಕೊನೆಗೆ ಒಪ್ಪಿದ, ಆದರೆ ಒಂದು ಷರತ್ತಿನ ಮೇಲೆ. ದೀಪಾವಳಿಯಲ್ಲಿ ಅಂಗಡಿಕಾರರು ವಹಿ ಪೂಜೆ ಮಾಡುವಂತೆ ಅವನು ಮಾರ್ಚ್ ಮೂವತ್ತೊಂದರಂದು ಕಿರ್ದಿಯ ಪೂಜೆ ಮಾಡುತ್ತೇನೆಂದ. ಮಾಡಿದ. ಹಾಳೆಹಾಳೆಯ ನಡುವೆ ನಮ್ಮ ಕುರಿಗಾರರ ದೇವರು ಬೀರಪ್ಪನ ಭಂಡಾರ, ಅಂದರೆ ಅರಿಶಿನದ ಪುಡಿ, ಸುರಿದ. ಮುಂದೆ ಆಡಿಟ್ ಸಾಹೇಬರು ಆ ಪುಸ್ತಕ ಫಟ್ಟನೆ ತೆರೆದು ಊದಿದಾಗ ಏನಾಯಿತೆಂದು ನಾನು ಬಾಯಿಬಿಟ್ಟು ಹೇಳಬೇಕೆ? ಸಾಹೇಬರು ಊಟದ ಹೊತ್ತಿನವರೆಗೂ ಸೀನಿದರು!

ಇನ್ನು ಉಳಿದದ್ದು ಅಢಾವೆ ಪತ್ರಿಕೆ. ವರ್ಷದ ಕೊನೆಗೆ ಸಂಘದ ಬಂಡವಾಳ ಮತ್ತು ಕೊಡಬೇಕಾದ್ದೆಲ್ಲ ಎಡಕ್ಕೆ, ಇರುವ ಆಸ್ತಿಯೆಲ್ಲ ಬಲಕ್ಕೆ, ಎರಡರ ಮೊತ್ತ ಒಂದೇ ಆಗಬೇಕು. ಎಡಗಡೆಯನ್ನು ಮಾವ ಪುಸ್ತಕದಿಂದ ತೆಗೆದ. ಬಲಗಡೆಗೆ ಮಾತ್ರ ಪುಸ್ತಕವನ್ನು ನಂಬಲಿಲ್ಲ. "ಕಣ್ಣೀಲೆ ಕಂಡದ್ದನ್ನ ಬರಿಯಾಂವ ನಾ" ಎಂದು ತಕ್ಕಡಿ, ಕತ್ತರಿ, ಔಷಧಿಯ ಬಾಟಲಿ, ಸಂಘದ ಟಗರುಗಳು, ಎಲ್ಲವನ್ನೂ ಮುಟ್ಟಿ ಮುಟ್ಟಿ ಬರೆದುಕೊಂಡು ಬಂದ. ಕೂಡಿಸಿದ. ಕೂಡಲಿಲ್ಲ! ಬಲಗಡೆ ಸರಿಯಾಗಿ ಒಂದು ಟಗರಿನ ಬೆಲೆಯಷ್ಟು ಕಡಿಮೆ.

ಪುಸ್ತಕದಲ್ಲಿ ಟಗರು ಕೊಂಡದ್ದಿದೆ. ಮಾರಿದ್ದಿಲ್ಲ, ಸತ್ತದ್ದಿಲ್ಲ. ಹಾಗಾದರೆ ಟಗರು ಎಲ್ಲಿ? ಮಾವನ ಊಟ ಇಳಿಯಿತು, ಗಂಟಲು ಇಳಿಯಿತು. ಎಡಗಡೆಯ ಮೊತ್ತವನ್ನು ಜಪದಂತೆ ಗೊಣಗುತ್ತ ಓಣಿಓಣಿ ತಿರುಗಿದ. ಕಂಡಕಂಡವರನ್ನು ನಿಲ್ಲಿಸಿ, ಇಷ್ಟು ಬರಬೇಕು, ಬರವಲ್ಲದು, ನಿಮಗೇನಾದರೂ ನೆನಪಿದೆಯೇ ಎಂದು ಕೇಳಿದ. ಹೀಗೆ ಕೇಳುತ್ತ ಹೋದರೆ ಊರು ಸುಮ್ಮನಿರುತ್ತದೆಯೇ? ಚಹಾದಂಗಡಿಯಲ್ಲಿ ಮಾತು ಹುಟ್ಟಿತು: ಸೆಕ್ರೆಟರಿ ಟಗರು ತಿಂದ!

ಆ ಮಾತು ಕಿವಿಗೆ ಬಿದ್ದ ದಿನ ಮಾವ ನಮ್ಮ ಕಟ್ಟೆಗೆ ಬಂದು ಕುಳಿತ. ಅವನ ಹಿಂದೆಯೇ ಒಂದು ದೊಡ್ಡ ಟಗರು ಬಂತು. ಕೊರಳಲ್ಲಿ ಗೆಜ್ಜೆ, ಹಣೆಯ ಮೇಲೆ ಭಂಡಾರ. ಅವನ ಕಂಬಳಿಯ ತುದಿಯನ್ನು ಆರಾಮಾಗಿ ಜಗಿಯುತ್ತ ನಿಂತಿತು.

"ಮಾವಾ, ಇದು ಯಾರದು?"

"ಇದು ಬೀರಪ್ಪಂದು."

"ಬೀರಪ್ಪಗ ಎಲ್ಲಿಂದ ಬಂತು?"

"ಹೋದ ಸಲ ಕುರಿಗೆ ಬ್ಯಾನಿ ಬಂದಾಗ ಎಲ್ಲಾರೂ ಕೂಡಿ ದೇವರಿಗೆ ಬಿಟ್ಟೇವಲ್ಲ."

"ಬಿಡೂಕಿಂತ ಮೊದಲ ಯಾರದಿತ್ತು?"

ಮಾವ ತಿರುಗಿ ಟಗರನ್ನು ನೋಡಿದ. ಟಗರು ಸಂಘದ್ದೇ! ದಿನಾ ಹಿಂದೆ ಹಿಂದೆ ಬರುತ್ತಿದ್ದ ಅದನ್ನು ಕರೆದುಕೊಂಡೇ ಅವನು ಊರೆಲ್ಲ ಅದನ್ನು ಹುಡುಕಿದ್ದ. ಅವನದೇನೂ ತಪ್ಪಿಲ್ಲ. ನಮ್ಮಲ್ಲಿ ದೇವರಿಗೆ ಬಿಟ್ಟ ಕುರಿಯನ್ನು ಯಾರೂ ತಮ್ಮದೆಂದು ಎಣಿಸುವುದಿಲ್ಲ. ಎದುರಿಗೆ ನಿಂತಿದ್ದರೂ ಅದು ಲೆಕ್ಕಕ್ಕಿಲ್ಲ. ಸಂಘದ ಸದಸ್ಯರು ಸಂಘದ ಟಗರಿಗೇ ಭಂಡಾರ ಹಾರಿಸಿ ಕೈಮುಗಿದರು, ಪುಸ್ತಕಕ್ಕೆ ಹೇಳುವುದನ್ನು ಮರೆತರು.

ಸಂಘದ ಉಪಾಧ್ಯಕ್ಷ ಬಂದು ಗುಟ್ಟಾಗಿ ಉಪಾಯ ಹೇಳಿದ. "ಸತ್ತೈತಿ ಅಂತ ಬರಕೊಂಡ ಬಿಡು ಮಾರಾಯಾ. ಯಾರ ನೋಡತಾರ?"

"ನನ್ನ ಕಂಬಳಿ ತಿನ್ನಾಕತ್ತೈತಿ, ಸತ್ತೈತಿ ಅಂತ ಹೆಂಗ ಬರೀಲಿ?" ಎಂದ ಮಾವ.

ಲೆಕ್ಕ ಕೂಡದ ಮೊತ್ತವನ್ನು ಸದ್ಯಕ್ಕೆ ಅನಾಮತ್ತು ಖಾತೆಯಲ್ಲಿ ಇಡುವ ಪದ್ಧತಿ ಇದೆ ಎಂದು ನಾನು ಹೇಳಿ ನೋಡಿದೆ. "ಬೀರಪ್ಪನ್ನ ಅನಾಮತ್ತು ಅಂತಿಯೇನಲೇ!" ಎಂದು ಬೈಸಿಕೊಂಡೆ. ಮಾವನಿಗೆ ಮತ್ತೆ ಗಂಟಲು ಬಂದದ್ದು ನನಗೆ ಸಮಾಧಾನವೇ ಆಯಿತು.

ಲೆಕ್ಕ ನೋಡಲು ಬಂದ ದಿನ, ಭಂಡಾರದ ಸೀನು ನಿಂತ ಮೇಲೆ ಆಡಿಟ್ ಸಾಹೇಬರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯರು. "ನೋಡ್ರಿ ಯಜಮಾನ್ರ, ದೇವರಿಗೆ ಬಿಟ್ಟಿದ್ದು ತಪ್ಪಲ್ಲ. ಆದ್ರ ಸಂಘದ್ದು ಬಿಡಬೇಕಾದ್ರ ಸಂಘದ ಠರಾವು ಬೇಕು. ನಾವೆಲ್ಲಾ ಕೂಡಿ ಬಿಟ್ಟೇವಿ ಅಂತ ಸದಸ್ಯರು ಸಭಾದಾಗ ಒಪ್ಪಿ ಸಹಿ ಮಾಡಲಿ. ಅಂದ್ರ ಎಡಗಡಿ ಅದರ ಬೆಲಿ ಸಂಘದ ಬಂಡವಾಳದಾಗ ಕಳದು ದೇವರ ಹೆಸರಿಗೆ ಹಾಕಿ, ಬಲಗಡಿ ಅದು ನಿಮ್ಮ ಹಂತ್ಯಾಕ ಐತಿ ಅಂತ ತೋರಸಬಹುದು. ಒಪ್ಪದಿದ್ರ ಮಾತ್ರ ಟಗರಿಗೆ ಸೆಕ್ರೆಟರಿನ ಹೊಣಿ. ನನಗ ಲೆಕ್ಕ ಪಾಸ್ ಮಾಡಾಕ ಬರಂಗಿಲ್ಲ" ಎಂದರು.

ಅಂದರೆ ಎಲ್ಲವೂ ಈಗ ಸಭೆಯ ಕೈಯಲ್ಲಿ. ಸದಸ್ಯರು ಬಾಯಿಬಿಡದಿದ್ದರೆ ಸಂಘ ಅಧಿಕಾರಿಯ ಪಾಲು, ಮಾವ ಟಗರು ತಿಂದವನು. ಸಹಿ ಎಂದರೆ ನಮ್ಮ ಜನಕ್ಕೆ ಎಷ್ಟು ಹೆದರಿಕೆ ಎಂಬುದು ನನಗೆ ಗೊತ್ತಿತ್ತು. ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಏನು ಕಳೆದುಹೋಗುತ್ತದೋ ಎಂಬ ಭಯ ಅವರದು. ಮಾವನಿಗೂ ಅದು ಗೊತ್ತಿತ್ತು. ಸಭೆಯ ದಿನ ಅವನು ಒಗೆದ ರುಮಾಲು ಸುತ್ತಿ, ಹೊಸ ಕನ್ನಡಕ ಏರಿಸಿ ಬಂದ.

ಬೀರಪ್ಪನ ಗುಡಿಯ ಮುಂದೆ ಜಮಖಾನೆ ಹಾಸಿ ಸಭೆ. ಸಾಹೇಬರು ಕೇಳಿದರು. "ಈ ಟಗರು ನೀವೆಲ್ಲಾ ಕೂಡಿ ದೇವರಿಗೆ ಬಿಟ್ಟಿದ್ದು ಖರೆ ಏನ್ರಿ?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ನೆಲ ನೋಡುತ್ತಿದ್ದ. ನನಗೆ ಅವನ ಪರವಾಗಿ ಕಿರುಚಬೇಕೆನಿಸಿತು, ಆದರೆ ನಾನು ಸದಸ್ಯಳಲ್ಲ.

ಆಗ ಎದ್ದವನು ಉಪಾಧ್ಯಕ್ಷ. ಸತ್ತಿದೆ ಎಂದು ಬರೆಯಲು ಹೇಳಿದ್ದ ಅದೇ ಪುಣ್ಯಾತ್ಮ! "ಖರೆ ಐತ್ರಿ. ಮೊದಲ ಭಂಡಾರ ಹಾರಿಸಿದಾಂವ ನಾ. ಇಂವ ಸುಳ್ಳ ಬರಿಯಾಕ ಒಲ್ಲೆ ಅಂದ. ಎಲ್ಲೈತ್ರಿ, ಎಲ್ಲಿ ಒತ್ತಲಿ?" ಎಂದು ಹೆಬ್ಬೆರಳು ಮುಂದೆ ಮಾಡಿದ. ಅವನ ಹಿಂದೆ ಇನ್ನೊಬ್ಬ ಎದ್ದ. "ನಾನೂ ಹಾರಿಸೇನ್ರಿ." ಆಮೇಲೆ ಸಾಲುಸಾಲಾಗಿ ಎದ್ದರು. ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. ಚಹಾದಂಗಡಿಯಲ್ಲಿ ಮಾತು ಹುಟ್ಟಿಸಿದವರೂ ಬಂದರು.

ಮಾವ ಅಲ್ಲೇ ಕುಳಿತು ಎರಡು ಸಾಲು ಬರೆದ. ಇನ್ನು ಅಢಾವೆ ಪತ್ರಿಕೆಯನ್ನು ಸಭೆಗೆ ಓದಿ ಹೇಳಬೇಕು. ಅದನ್ನು ಓದುವುದಕ್ಕಾಗಿಯೇ ಅವನು ವರ್ಷಪೂರ್ತಿ ಒದ್ದಾಡಿದ್ದ. ಎದ್ದು ನಿಂತ, ಗಂಟಲು ಸರಿಮಾಡಿಕೊಂಡ, ಕಾಗದ ನೋಡಿದ, ನನ್ನ ಕಡೆ ಚಾಚಿದ.

"ನೀ ಓದವ್ವಾ. ನನಗ ಅಕ್ಷರ ಕಾಣವಲ್ವು."

ಕನ್ನಡಕ ಮೂಗಿನ ಮೇಲೇ ಇತ್ತು.

ನಾನು ಓದಿದೆ. ಎಡಗಡೆ, ಸಂಘದ ಬಂಡವಾಳದಲ್ಲಿ ಕಳೆದು ಬೀರಪ್ಪನಿಗೆ ಸೇರಿಸಿದ ಟಗರು, ಒಂದು. ಬಲಗಡೆ, ಸಂಘದ ಹತ್ತಿರ ಇರುವ ಬೀರಪ್ಪನ ಟಗರು, ಒಂದು. ಎಡಗಡೆಯ ಮೊತ್ತ ಓದಿದೆ. ಬಲಗಡೆಯ ಮೊತ್ತಕ್ಕೆ ನಾನು ಬಾಯಿ ತೆರೆಯುವ ಮೊದಲೇ ಇಡೀ ಸಭೆ ಅದನ್ನು ಒಟ್ಟಿಗೆ ಹೇಳಿತು, ರೂಪಾಯಿ ಪೈಸೆ ಸಮೇತ. ಓಣಿಓಣಿಯಲ್ಲಿ ಮಾವ ಗೊಣಗಿ ಗೊಣಗಿ ಅದು ಎಲ್ಲರಿಗೂ ಬಾಯಿಪಾಠವಾಗಿತ್ತು. ಮಾವ ರುಮಾಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡು, ಎಲ್ಲರ ಮುಂದೆ, ಸಣ್ಣ ಹುಡುಗನಂತೆ ಅತ್ತ. ನಾನು ಹೋಗಿ ಅವನ ಕೈ ಹಿಡಿದುಕೊಂಡೆ.

"ಕೂಡಿತಲ್ಲವ್ವಾ" ಎಂದ.