ಟೋಪಿಯೊಳಗಿನ ನೂರಾ ಅರವತ್ತೊಂಬತ್ತು ಚೌಕ

ವಿಲ್ಬರ್ನ್ ಸ್ಟಕಿಯ ಅಂದಿನ ಅವಮಾನಕ್ಕೆಲ್ಲ ಮೂಲ ಅಂಗೈಯಗಲದ ಒಂದು ಚೀಟಿ. ಪೋಕರಿನಲ್ಲಿ ಮೊದಲು ಕೈಗೆ ಬರುವ ಎರಡು ಇಸ್ಪೀಟೆಲೆ ಯಾವುವಾದರೆ ಆಡಬೇಕು, ಯಾವುವಾದರೆ ಬಿಡಬೇಕು ಎಂದು ಅದರಲ್ಲಿ ನೂರಾ ಅರವತ್ತೊಂಬತ್ತು ಚೌಕಗಳಿದ್ದವು. ಹಸಿರಾದರೆ ಆಡು, ಕೆಂಪಾದರೆ ಬಿಡು. ಶಾಲೆಯ ಬಸ್ಸು ಓಡಿಸುವ ವಿಲ್ಬರ್ನ್ ಮೂರು ವಾರ ಉರು ಹೊಡೆದರೂ ಒಂದು ಚೌಕವೂ ನೆನಪಿನಲ್ಲಿ ನಿಲ್ಲಲಿಲ್ಲ. ಕೊನೆಗೆ ಅದನ್ನು ಟೋಪಿಯ ಒಳಗೆ ಅಂಟಿಸಿಕೊಂಡ.

ಟೆಕ್ಸಸ್ಸಿನ ಆ ಪುಟ್ಟ ಊರಿನಲ್ಲಿ ಜುಲೈ ಮೆರವಣಿಗೆಯ ಬೆಳಿಗ್ಗೆ ಅಗ್ನಿಶಾಮಕ ಠಾಣೆಯಲ್ಲಿ ಪೋಕರ್ ನಡೆಯುತ್ತಿತ್ತು. ಪಣಕ್ಕೆ ಒಣ ಬೀನ್ಸ್ ಕಾಳು. ಯಾರ ಕಾಳು ಮೊದಲು ಮುಗಿಯುತ್ತದೋ ಅವರು ಮಧ್ಯಾಹ್ನ ಮೈಮೇಲೆಲ್ಲ ಚಿಪ್ಪಿರುವ ಆರ್ಮಡಿಲೊ ಎಂಬ ಪ್ರಾಣಿಯ ವೇಷದೊಳಗೆ ಹೊಕ್ಕು, ಬಾಲ ಅಲ್ಲಾಡಿಸುತ್ತ ಬೀದಿಯುದ್ದಕ್ಕೂ ನಡೆಯಬೇಕು. ಮೂರು ವರ್ಷದಿಂದ ಆ ಬಾಲ ವಿಲ್ಬರ್ನನ ಪಾಲಿಗೇ ಬರುತ್ತಿತ್ತು. ಈ ಸಲ ಡಲ್ಲಾಸಿನಿಂದ ಬೀಗರಾಗುವವರು ಬೇರೆ ಬರುತ್ತಿದ್ದರು.

"ಅಪ್ಪಾ, ಇದೊಂದು ವರ್ಷ ಮನುಷ್ಯನ ಹಾಗಿರು" ಎಂದು ಮಗಳು ಕೋರಾ ಕೈಹಿಡಿದು ಕೇಳಿಕೊಂಡಿದ್ದಳು.

ಮೇಜಿನ ಸುತ್ತ ಕ್ಷೌರದಂಗಡಿಯ ಹಾಲಿಸ್, ಅಂಚೆ ಕಚೇರಿಯ ನೆಲ್ಡಾ, ಎಂಬತ್ತನಾಲ್ಕರ ಒಡೆಸ್ಸಾ ಅಜ್ಜಿ.

"ಅಜ್ಜಿ, ನೀವು ಸೋತ್ರೆ ಲೆಕ್ಕಕ್ಕಿಲ್ಲ ಬಿಡಿ" ಎಂದ ಹಾಲಿಸ್.

"ಯಾಕಪ್ಪಾ? ಕಾಯಿದೆ ಎಲ್ಲಾರಿಗೂ ಒಂದೇ. ಬೇಗ ಹಂಚು, ಹನ್ನೊಂದಕ್ಕೆ ನಂಗೆ ಬಿಂಗೊ ಆಟ ಇದೆ."

ಎಲೆ ಬಂದಾಗಲೆಲ್ಲ ವಿಲ್ಬರ್ನ್ ಟೋಪಿ ತೆಗೆದು, ಒಳಗೆ ಇಣುಕಿ, ಮತ್ತೆ ಹಾಕಿಕೊಂಡು ಎಲೆ ಬಿಡುತ್ತಿದ್ದ. ಕತೆಯ ರಾಕ್ಷಸನ ಪ್ರಾಣ ಏಳು ಕಡಲಾಚೆಯ ಗಿಳಿಯಲ್ಲಿದ್ದರೆ ವಿಲ್ಬರ್ನನ ಪ್ರಾಣ ಆ ಟೋಪಿಯಲ್ಲಿತ್ತು.

"ಏನ್ ವಿಲ್ಬರ್ನ್, ಪ್ರಾರ್ಥನೇನಾ?" ಎಂದಳು ನೆಲ್ಡಾ.

"ಸೆಕೆ ಕಣಕ್ಕಾ."

"ಸೆಕೆಗೆ ತೆಗೆದೋರು ಮತ್ತೆ ಹಾಕ್ಕೊಳಲ್ಲಪ್ಪ."

ಕೆಂಪು, ಕೆಂಪು, ಮತ್ತೆ ಕೆಂಪು. ಸರದಿ ಬಂದಾಗ ಕಡ್ಡಾಯವಾಗಿ ಇಡಬೇಕಾದ ಕಾಳುಗಳೇ ಅವನ ರಾಶಿಯನ್ನು ಇಲಿ ತಿಂದ ಹಾಗೆ ಮೇಯ್ದವು. ಒಮ್ಮೆ ಏಳು ಮತ್ತು ಎರಡು ಬಂತು. ಕಡ್ಡಾಯದ ಕಾಳು ಆಗಲೇ ಇಟ್ಟಾಗಿತ್ತು, ಯಾರೂ ಪಣ ಏರಿಸಿರಲಿಲ್ಲ. ಆದರೂ ಟೋಪಿ ನೋಡಿ ಎಲೆ ಬಿಸಾಕಿದ. ಎಲ್ಲರಿಗೂ ಸಲ್ಲುವ ನಡುವಿನ ಎಲೆಗಳನ್ನು ಹಾಲಿಸ್ ತೆರೆದ: ಏಳು, ಏಳು, ಎರಡು.

ವಿಲ್ಬರ್ನನ ಬಾಯಿಂದ ಕರು ಕೂಗಿದಂಥ ಸದ್ದು ಹೊರಟಿತು.

"ಸುಮ್ನೆ ಕೂತಿದ್ರೆ ಯಾರೂ ಬೈತಿರ್ಲಿಲ್ಲವಲ್ಲೋ" ಎಂದ ಹಾಲಿಸ್. "ಪುಕ್ಕಟೆ ಊಟ ಬಿಟ್ಟು ಎದ್ದು ಹೋಗೋನನ್ನ ಇವತ್ತೇ ನೋಡಿದ್ದು."

ಕಿವಿಯವರೆಗೂ ಕೆಂಪಾದ ವಿಲ್ಬರ್ನ್ ತಲೆ ತಗ್ಗಿಸಿದ. ಅವನ ಹತ್ತಿರ ಹನ್ನೊಂದು ಕಾಳು ಉಳಿದಿದ್ದವು. ಬಂದದ್ದನ್ನೆಲ್ಲ ಆಡಿದ ಅಜ್ಜಿಯ ಮುಂದೆ ಒಂಬತ್ತು.

ಆಗ ಬಂದವು ಎರಡು ಎಕ್ಕ. ಇನ್ನೂರಿಪ್ಪತ್ತೊಂದು ಸಲಕ್ಕೊಮ್ಮೆ ಬರುವ ಜೋಡಿ, ಒಬ್ಬರೇ ಎದುರಾದರೆ ನೂರಕ್ಕೆ ಎಂಬತ್ತೈದು ಸಲ ಗೆಲುವು. ಇದಕ್ಕೆ ಟೋಪಿ ಬೇಕಿರಲಿಲ್ಲ. ಇದ್ದ ಕಾಳನ್ನೆಲ್ಲ ಮುಂದೆ ತಳ್ಳಿದ. ನೆಲ್ಡಾ ಎಲೆ ಬಿಟ್ಟಳು, ಹಾಲಿಸ್ ಬಿಟ್ಟ. ಅಜ್ಜಿ ಅವನ ಟೋಪಿ ನೋಡಿದಳು, ಗಡಿಯಾರ ನೋಡಿದಳು, ಒಂಬತ್ತೂ ಕಾಳು ತಳ್ಳಿದಳು.

ಅವಳ ಕೈಯಲ್ಲಿದ್ದದ್ದು ಒಂಬತ್ತು ಮತ್ತು ನಾಲ್ಕು. ನಡುವಿನ ಎಲೆಗಳೂ ಕೈಹಿಡಿಯಲಿಲ್ಲ. ಎಕ್ಕಗಳು ಗೆದ್ದವು.

ವಿಲ್ಬರ್ನ್ ಕುರ್ಚಿ ಬೀಳುವ ಹಾಗೆ ನೆಗೆದ. ಟೋಪಿ ಹಾರಿ ಕಾಳಿನ ಮೇಲೆ ಮಗುಚಿತು. ಹಸಿರು ಕೆಂಪು ಚೀಟಿ ಎಲ್ಲರ ಮುಖ ನೋಡುತ್ತ ಬಿದ್ದಿತ್ತು.

"ಎಲ್ಲಿ, ಆ ವೇಷ ತನ್ನಿ" ಎಂದು ಅಜ್ಜಿ ಸೊಂಟ ಹಿಡಿದು ಎದ್ದಳು. "ಒಬ್ರು ಈ ಮಂಡಿ ಹಿಡ್ಕೊಂಡ್ರೆ ಹೆಂಗೋ ನಡೀತೀನಿ."

ಹಾಲಿಸ್ ವಿಲ್ಬರ್ನನನ್ನು ನೋಡಿದ. ನೆಲ್ಡಾಳೂ ನೋಡಿದಳು. ಚೀಟಿ ನೋಡಿಕೊಂಡು ಮುದುಕಿಯನ್ನು ಸೋಲಿಸಿದವನಿಗೆ ಕಣ್ಣಿಡಲು ನೆಲ ಬಿಟ್ಟರೆ ಬೇರೆ ಜಾಗವಿರಲಿಲ್ಲ.

"ಕೂತ್ಕೊಳಿ ಅಜ್ಜಿ. ನಾನೇ ಹಾಕ್ಕೋತೀನಿ."

"ಹಂಗಂತೀಯಾ?" ಮಂಡಿಯ ನೋವು ಅಲ್ಲಿಗೇ ವಾಸಿಯಾಗಿ ಅಜ್ಜಿ ಕೈಚೀಲ ಎತ್ತಿಕೊಂಡಳು. "ನೀನು ಟೋಪಿ ತೆಗೀದೇ ಕಾಳು ತಳ್ಳಿದಾಗ್ಲೇ ಎಕ್ಕದ ಜೋಡಿ ಅಂತ ಗೊತ್ತಾಯ್ತು ಕಣೋ. ನಿನ್ನ ಚೀಟೀಲಿ ಎಲೆ ಲೆಕ್ಕ ಇದೆ, ಎದುರಿಗೆ ಕೂತೋರ ಲೆಕ್ಕ ಇಲ್ಲ. ನಾನು ಸೋತ್ರೆ ವೇಷ ಹಾಕೋದು ನೂರಕ್ಕೆ ಎಷ್ಟು ಸಲ? ಸೊನ್ನೆ." ಹನ್ನೊಂದಕ್ಕೆ ಐದು ನಿಮಿಷವಿತ್ತು.

ಮಧ್ಯಾಹ್ನ, ನಾಚಿಕೆಯಲ್ಲಿ ಟೋಪಿ ತೆಗೆಯುವುದನ್ನೂ ಮರೆತು, ಅದರ ಮೇಲೆಯೇ ಆರ್ಮಡಿಲೊ ತಲೆ ಏರಿಸಿಕೊಂಡು ವಿಲ್ಬರ್ನ್ ಬಿಸಿಲಿಗಿಳಿದ. ಒಳಗೆ ಬೆವರು ಧಾರಾಕಾರ. ಬಾಯಿಯ ತೂತಿನಿಂದ ಕೋರಾ ಕಂಡಳು, ಪಕ್ಕದಲ್ಲಿ ಬೀಗರು, ಅವರ ಪಕ್ಕದಲ್ಲಿ ಬಿಂಗೊ ಮುಗಿಸಿ ಬಂದ ಅಜ್ಜಿ.

"ಒಳಗಿರೋರು ಯಾರಮ್ಮಾ?" ಎಂದರು ಬೀಗರು.

"ಯಾರೋ ಊರಿನೋರು" ಎಂದಳು ಕೋರಾ, ಕಾಲ ಹೆಬ್ಬೆರಳು ನೋಡುತ್ತ. ಮಗಳ ಸುಳ್ಳಿಗೆ ಮನಸ್ಸಿನಲ್ಲೇ ಕೈಮುಗಿದು ವಿಲ್ಬರ್ನ್ ಹೆಜ್ಜೆ ಚುರುಕು ಮಾಡಿದ.

"ಯಾರೋ ಅಲ್ಲ, ನಿಮ್ಮ ಬೀಗರೇ" ಎಂದಳು ಅಜ್ಜಿ. "ನನ್ ಬದ್ಲು ಹಾಕ್ಕೊಂಡ, ಚಿನ್ನದಂಥಾ ಮನುಷ್ಯ."

ಬೀಗರು ಬೀದಿಗಿಳಿದು ಅವನ ಚಿಪ್ಪು ತಟ್ಟಿದರು. "ಮುಖ ತೋರ್ಸಿ ಬೀಗರೇ, ಒಂದು ಫೋಟೊ ತೆಗೆಯೋಣ."

ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ವಿಲ್ಬರ್ನ್ ಆರ್ಮಡಿಲೊ ತಲೆ ಎತ್ತಿದ. ಜೊತೆಗೆ ಟೋಪಿಯೂ ಎದ್ದು ಬಂತು. ಅವನ ಬೋಳು ನೆತ್ತಿಯ ಮೇಲೆ, ಬೆವರಿಗೆ ಕರಗಿ ಅಚ್ಚೊತ್ತಿದ ಹಸಿರು ಕೆಂಪು ಚೌಕಗಳು ಹೊಳೆಯುತ್ತಿದ್ದವು.

ಕೋರಾ ಮುಖ ಮುಚ್ಚಿಕೊಂಡಳು. ಬೀಗರು ಕನ್ನಡಕ ಏರಿಸಿ, ಕತ್ತು ಓರೆ ಮಾಡಿ, ತಿರುಗುಮುರುಗಾಗಿದ್ದ ಅಕ್ಷರಗಳನ್ನು ನಿಧಾನವಾಗಿ ಓದಿದರು.

"ಏಳು-ಎರಡು ಕೆಂಪು" ಎಂದರು. "ಸರಿಯಾಗೇ ಇದೆ. ಆದ್ರೆ ಬೀಗರೇ, ಪುಕ್ಕಟೆ ನೋಡೋಕೆ ಸಿಕ್ಕಿದ್ರೆ ಅದನ್ನ ಬಿಡಬಾರದು."

ವಿಲ್ಬರ್ನ್ ಆರ್ಮಡಿಲೊ ತಲೆಯನ್ನು ಮತ್ತೆ ಹಾಕಿಕೊಂಡ.